ಸಲಹೆಯ ಜೊತೆಗೆ ಕಾರಣವನ್ನೂ ಅಳತೆಯನ್ನೂ ಬರೆಯಿರಿ

ಮಾನ್ಯ ಲೇಖಕಿಯವರಿಗೆ ನಮಸ್ಕಾರಗಳು.

ಕ್ರಾಸ್ ಸ್ಟಿಚ್ (ಗುಣಾಕಾರದ ಗುರುತಿನಂತೆ ಹಾಕುವ ಹೊಲಿಗೆ) ಹವ್ಯಾಸಿಗಳಿಗೆ ಕಿವಿಮಾತುಗಳನ್ನೂ ಉಪಯುಕ್ತ ಸಲಕರಣೆಗಳ ಪಟ್ಟಿಯನ್ನೂ ಸೇರಿಸಿ ನೀವು ನಮ್ಮ ಪತ್ರಿಕೆಗೆ ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೂ ಅದರ ಒಂದೆರಡು ಕಡೆ ನಿಜವಾಗಿ ಸೂಜಿ ಹಿಡಿದು ಕೂತವರ ತಿಳಿವಳಿಕೆ ಎದ್ದು ಕಾಣುವುದರಿಂದ, ಬರೀ ವಿಷಾದದ ಸಾಲೊಂದನ್ನು ಕಳುಹಿಸಿ ಸುಮ್ಮನಾಗಲು ಮನಸ್ಸಾಗದೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಲೇಖನದ ಮುಖ್ಯ ಕೊರತೆ ಇದು: ನಿಮ್ಮ ಸಲಹೆಗಳಲ್ಲಿ ಹೆಚ್ಚಿನವು ಕಾರಣವೂ ಅಳತೆಯೂ ಇಲ್ಲದ ಆದೇಶಗಳಾಗಿವೆ. ‘ಒಳ್ಳೆಯ ಬಟ್ಟೆಯನ್ನು ಆರಿಸಿಕೊಳ್ಳಿ’, ‘ಸರಿಯಾದ ಸೂಜಿಯನ್ನು ಬಳಸಿ’, ‘ದಾರ ತೀರಾ ಉದ್ದವಿರಬಾರದು’ ಎಂದು ಬರೆದಿದ್ದೀರಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಲೇಖನವನ್ನು ಓದಿಕೊಂಡು ಅಂಗಡಿಗೆ ಹೋದ ಹೊಸಬರು ಅಲ್ಲಿ ಯಾವ ಬಟ್ಟೆಯನ್ನು, ಎಷ್ಟು ಕೇಳಬೇಕು, ಯಾವ ನಂಬರಿನ ಸೂಜಿಯನ್ನು ಕೊಳ್ಳಬೇಕು ಎಂಬುದು ತಿಳಿಯದೆ ಹಾಗೆಯೇ ಹಿಂದಿರುಗುತ್ತಾರೆ.

ಬಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ಈ ಕೆಲಸಕ್ಕೆಂದೇ ಚೌಕಚೌಕವಾಗಿ ನೇಯ್ದ ಐಡಾ ಬಟ್ಟೆಯ ಮೇಲೆ 11, 14, 16, 18 ಎಂದು ನಮೂದಿಸಿರುವ ಕೌಂಟ್ ಸಂಖ್ಯೆ ಒಂದು ಇಂಚಿನಲ್ಲಿ ಎಷ್ಟು ಮನೆಗಳು (ಒಂದೊಂದು ಹೊಲಿಗೆ ಕೂರುವ ಚೌಕಗಳು) ಬರುತ್ತವೆ ಎಂಬುದನ್ನು ಹೇಳುತ್ತದೆ. ಇಷ್ಟನ್ನು ತಿಳಿಸಿ, ವಿನ್ಯಾಸದ ಹೊಲಿಗೆಗಳ ಸಂಖ್ಯೆಯನ್ನು ಆ ಕೌಂಟ್‌ನಿಂದ ಭಾಗಿಸಬೇಕು ಎಂದು ಹೇಳಿದರೆ, ಓದುಗರು ಚಿತ್ರದ ಗಾತ್ರವನ್ನು ತಾವೇ ಲೆಕ್ಕ ಹಾಕಿಕೊಳ್ಳಬಲ್ಲರು. ಅಡ್ಡಕ್ಕೆ 140, ಉದ್ದಕ್ಕೆ 98 ಹೊಲಿಗೆಗಳಿರುವ ವಿನ್ಯಾಸವು 14 ಕೌಂಟ್ ಬಟ್ಟೆಯ ಮೇಲೆ 10 ಇಂಚು ಅಗಲ, 7 ಇಂಚು ಎತ್ತರವಾಗುತ್ತದೆ. ಅದನ್ನೇ 11 ಕೌಂಟ್ ಬಟ್ಟೆಯ ಮೇಲೆ ಹಾಕಿದರೆ ಅಗಲವೇ ಹನ್ನೆರಡೂವರೆ ಇಂಚನ್ನು ದಾಟುತ್ತದೆ. ಚೌಕಟ್ಟು ಕಟ್ಟಿಸಲು ನಾಲ್ಕೂ ಬದಿಗೆ ತಲಾ 3 ಇಂಚು ಬಿಡಬೇಕಾದ್ದರಿಂದ, 14 ಕೌಂಟ್‌ನಲ್ಲಿ ಈ ವಿನ್ಯಾಸಕ್ಕೆ 16 ಇಂಚು ಅಗಲ, 13 ಇಂಚು ಎತ್ತರದ ತುಂಡು ಬೇಕು. ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳದಂತೆ ಸುತ್ತಲೂ ದೊಡ್ಡ ಹೊಲಿಗೆ ಹಾಕಿಕೊಳ್ಳಬೇಕೆಂಬ ಮಾತೂ ಇಲ್ಲಿಯೇ ಬರಬೇಕು. ನೀವು ಅದನ್ನು ಲೇಖನದ ಕೊನೆಯಲ್ಲಿ, ತೊಳೆಯುವ ವಿಷಯ ಮುಗಿದ ಮೇಲೆ ಹೇಳಿದ್ದೀರಿ.

ಇನ್ನೊಂದು ಸಂಗತಿ ಲೇಖನದಲ್ಲಿ ಬಂದೇ ಇಲ್ಲ. ನಮ್ಮಲ್ಲಿ ಅನೇಕರು ಶಾಲೆಯ ಹೊಲಿಗೆ ತರಗತಿಯಲ್ಲಿ ಈ ಕೆಲಸವನ್ನು ಕಲಿತದ್ದು ಮ್ಯಾಟಿ ಬಟ್ಟೆಯ ಮೇಲೆ. ಇಂದಿಗೂ ಊರಿನ ಅಂಗಡಿಗಳಲ್ಲಿ ಐಡಾಕ್ಕಿಂತ ಅದೇ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಮ್ಯಾಟಿ ಬಟ್ಟೆಯ ನೇಯ್ಗೆ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮವಾಗಿರುತ್ತದೆಂದು ನಂಬುವಂತಿಲ್ಲ. ಕೊಳ್ಳುವ ಮೊದಲು ಅಳತೆಪಟ್ಟಿಯಿಟ್ಟು ಎರಡೂ ದಿಕ್ಕಿನಲ್ಲಿ ಒಂದೊಂದು ಇಂಚಿನ ಮನೆಗಳನ್ನು ಎಣಿಸಿ ನೋಡಬೇಕು. ಒಂದು ಕಡೆ 11, ಇನ್ನೊಂದು ಕಡೆ 12 ಬಂದರೆ ನಕ್ಷೆಯಲ್ಲಿ ದುಂಡಗಿರುವ ಹೂವು ಬಟ್ಟೆಯ ಮೇಲೆ ಚಪ್ಪಟೆಯಾಗುತ್ತದೆ. ನಮ್ಮ ಓದುಗರ ಕೈಗೆ ನಿಜವಾಗಿ ಬರುವ ಬಟ್ಟೆಯನ್ನು ಬಿಟ್ಟು ಆಮದು ಬಟ್ಟೆಗಳ ಹೆಸರುಗಳನ್ನಷ್ಟೇ ಕೊಟ್ಟರೆ ಅವರಿಗೆ ಉಪಯೋಗವಾಗುವುದಿಲ್ಲ.

ದಾರ ಮತ್ತು ಸೂಜಿಯ ಭಾಗಕ್ಕೂ ಇದೇ ಬಗೆಯ ಖಚಿತತೆ ಬೇಕು. ಆಂಕರ್ ಕಂಪನಿಯದಾಗಲಿ, ಡಿಎಂಸಿ ಕಂಪನಿಯದಾಗಲಿ, ಕಸೂತಿ ದಾರದ ಒಂದು ಲಡಿಯಲ್ಲಿ 8 ಮೀಟರ್ ದಾರವಿದ್ದು ಅದರಲ್ಲಿ ಆರು ಎಳೆಗಳಿರುತ್ತವೆ. 14 ಕೌಂಟ್ ಬಟ್ಟೆಗೆ ಸಾಮಾನ್ಯವಾಗಿ ಎರಡು ಎಳೆ, 11 ಕೌಂಟ್‌ಗೆ ಮೂರು ಎಳೆ ಬಳಸುತ್ತಾರೆ. ಆರೆಳೆಯ ದಾರವನ್ನು ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿಕೊಳ್ಳಬೇಕು. ಒಟ್ಟಿಗೆ ಎಳೆದರೆ ಗೋಜಲಾಗುತ್ತದೆ. ಉದ್ದ ಏಕೆ ಮಿತಿಯಲ್ಲಿರಬೇಕೆಂದರೆ, ಪ್ರತಿ ಹೊಲಿಗೆಗೂ ದಾರ ಬಟ್ಟೆಯ ರಂಧ್ರದಲ್ಲಿ ಉಜ್ಜಿಕೊಂಡು ಹೋಗುವುದರಿಂದ ಉದ್ದನೆಯ ದಾರವು ಮುಗಿಯುವ ಹೊತ್ತಿಗೆ ಹೊಳಪನ್ನು ಕಳೆದುಕೊಂಡು ನಾರುನಾರಾಗಿರುತ್ತದೆ. ಸೂಜಿ ಮೊಂಡುತುದಿಯದಾಗಿರಬೇಕು ಎಂದಿದ್ದೀರಿ, ಸರಿ; ಚೂಪು ಸೂಜಿ ರಂಧ್ರವನ್ನು ಬಿಟ್ಟು ಎಳೆಯನ್ನೇ ಸೀಳುತ್ತದೆ ಎಂಬ ಕಾರಣವನ್ನೂ, 14 ಕೌಂಟ್‌ಗೆ 24ನೇ ನಂಬರು ಹೊಂದುತ್ತದೆ, ನಂಬರು ಹೆಚ್ಚಿದಂತೆ ಸೂಜಿ ಸಣ್ಣದಾಗುತ್ತದೆ ಎಂಬುದನ್ನೂ ಸೇರಿಸಿ. ಎರಡು ಕಂಪನಿಗಳ ಬಣ್ಣದ ಸಂಖ್ಯೆಗಳು ಬೇರೆಬೇರೆ ಎಂಬ ಎಚ್ಚರಿಕೆಯೂ ಅಗತ್ಯ. ಡಿಎಂಸಿಯ ಕಪ್ಪು 310 ಆದರೆ ಆಂಕರ್‌ನ ಕಪ್ಪು 403. ಕಪ್ಪಿಗೆ ತೊಂದರೆಯಿಲ್ಲವಾದರೂ ಮೈಬಣ್ಣ, ಆಕಾಶದ ನೀಲಿಯಂಥ ನವಿರು ಛಾಯೆಗಳಲ್ಲಿ ಹೋಲಿಕೆಪಟ್ಟಿ ಕೊಡುವುದು ಹತ್ತಿರದ ಬಣ್ಣವನ್ನೇ ಹೊರತು ಅದೇ ಬಣ್ಣವನ್ನಲ್ಲ.

ಎರಡು ಸಲಹೆಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕು. ದಾರದ ತುದಿಗೆ ಗಂಟು ಹಾಕಿ ಆರಂಭಿಸಿ ಎಂದು ಬರೆದಿದ್ದೀರಿ. ಗಂಟು ಹಿಂಬದಿಯಲ್ಲಿ ಉಬ್ಬಿ, ಚೌಕಟ್ಟಿಗೆ ಹಾಕಿ ಬಿಗಿದಾಗ ಮುಂಬದಿಯಲ್ಲಿ ಗುಳ್ಳೆಯಂತೆ ಕಾಣುತ್ತದೆ; ಕೆಲವೊಮ್ಮೆ ರಂಧ್ರದಿಂದ ಜಾರಿ ಮುಂದಕ್ಕೂ ಬರುತ್ತದೆ. ಎರಡೆಳೆಯ ಕೆಲಸಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿಧಾನವಿದೆ: ಇಮ್ಮಡಿ ಉದ್ದದ ಒಂದೇ ಎಳೆಯನ್ನು ಮಡಿಸಿ, ಎರಡು ತುದಿಗಳನ್ನೂ ಸೂಜಿಗೆ ಪೋಣಿಸಿ, ಮೊದಲ ಅರ್ಧ ಹೊಲಿಗೆಯನ್ನು ಹಾಕಿ ಸೂಜಿಯನ್ನು ಹಿಂಬದಿಯಲ್ಲಿ ಉಳಿದಿರುವ ಕುಣಿಕೆಯೊಳಗಿಂದ ತೂರಿಸಿದರೆ ದಾರ ಗಂಟಿಲ್ಲದೆಯೇ ನಿಲ್ಲುತ್ತದೆ. ಎರಡನೆಯದು ಗುರುತು ಹಾಕುವ ನೀಲಿ ಪೆನ್ನಿನ ಬಗೆಗಿನ ಮಾತು. ನೀರಿಗೆ ಅಳಿಸುವ ಆ ಗುರುತನ್ನು ಇಸ್ತ್ರಿ ಮಾಡಿ ಹೋಗಲಾಡಿಸಬಹುದೆಂದು ಬರೆದಿದ್ದೀರಿ. ಶಾಖ ತಗುಲಿದರೆ ಅದು ಬಟ್ಟೆಯಲ್ಲಿ ಶಾಶ್ವತವಾಗಿ ಉಳಿದುಬಿಡಬಹುದು. ಮೊದಲು ತಣ್ಣೀರಿನಲ್ಲಿ ಪೂರ್ತಿ ತೊಳೆದು, ಗುರುತು ಹೋಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಇಸ್ತ್ರಿ. ಶಾಖಕ್ಕೆ ಮಾಯವಾಗುವ ಪೆನ್ನುಗಳು ಬೇರೆಯೇ ಇವೆ, ಆದರೆ ತೀರಾ ತಂಪಾದಾಗ ಅವುಗಳ ಗೆರೆ ಮರಳಿ ಮೂಡುವುದುಂಟು. ತಿಂಗಳುಗಟ್ಟಲೆ ಶ್ರಮಪಟ್ಟ ಒಬ್ಬರ ಕೆಲಸ ನಮ್ಮ ಪತ್ರಿಕೆಯ ಒಂದು ತಪ್ಪು ಸಾಲಿನಿಂದ ಹಾಳಾಗಬಾರದು ಎಂಬ ಕಾಳಜಿ ನನಗಿದೆ.

ಸಲಕರಣೆಗಳ ಪಟ್ಟಿ ಹೊಸಬರನ್ನು ಹೆದರಿಸುವಷ್ಟು ಉದ್ದವಾಗಿದೆ. ಆರಂಭಕ್ಕೆ ಬಟ್ಟೆ, ದಾರ, ಸೂಜಿ, ಚೂಪಾದ ಸಣ್ಣ ಕತ್ತರಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಒಂದು ರಿಂಗು ಸಾಕು. ಕೆಲಸ ನಿಲ್ಲಿಸಿದಾಗಲೆಲ್ಲ ರಿಂಗನ್ನು ಬಿಚ್ಚಿಡದಿದ್ದರೆ ಅದರ ಗುರುತು ಬಟ್ಟೆಯಲ್ಲಿ ಕೂರುತ್ತದೆ ಎಂಬುದನ್ನು ತಪ್ಪದೆ ಹೇಳಿ. ಸೂಜಿ ಹಿಡಿಯುವ ಅಯಸ್ಕಾಂತ, ಭೂತಗನ್ನಡಿಯ ದೀಪ ಇತ್ಯಾದಿಗಳನ್ನು ಮುಂದೆ ಬೇಕೆನಿಸಿದಾಗ ಕೊಳ್ಳಬಹುದಾದ ವಸ್ತುಗಳೆಂದು ಪ್ರತ್ಯೇಕಿಸಿ.

ಈಗ ನನಗೆ ನಿಜವಾಗಿ ಸಂತೋಷ ತಂದ ಭಾಗಗಳು. ಕಪ್ಪು ಬಟ್ಟೆಯ ಮೇಲೆ ಕೆಲಸ ಮಾಡುವಾಗ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡರೆ ರಂಧ್ರಗಳು ಬೆಳ್ಳಗೆ ಎದ್ದು ಕಾಣುತ್ತವೆ ಎಂದು ಬರೆದಿದ್ದೀರಲ್ಲ, ಆ ಸಾಲಿನಲ್ಲಿ ಸಮಸ್ಯೆ, ಉಪಾಯ, ಕಾರಣ ಮೂರೂ ಇವೆ. ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಗೆ ಸಾಲಾಗಿ ತೂತು ಹೊಡೆದು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರವನ್ನು ಸಿಕ್ಕಿಸಿ ಪಕ್ಕದಲ್ಲಿ ಸಂಖ್ಯೆ ಬರೆದಿಡುವ ನಿಮ್ಮ ಕ್ರಮವೂ ಹಾಗೆಯೇ ಇದೆ. ಖರ್ಚಿಲ್ಲದ, ಯಾರ ಮನೆಯಲ್ಲಾದರೂ ಆಗುವ ಕೆಲಸ. ಇಡೀ ಲೇಖನವನ್ನು ಈ ಎರಡು ಸಾಲುಗಳ ಮಟ್ಟಕ್ಕೆ ತನ್ನಿ. ಸಲಹೆಗಳ ಸಂಖ್ಯೆ ಹತ್ತಕ್ಕಿಳಿದರೂ ಚಿಂತೆಯಿಲ್ಲ.

ಧಾರವಾಡ ಸೀಮೆಯ ಕಸೂತಿಯೂ ಕ್ರಾಸ್ ಸ್ಟಿಚ್ಚೂ ಒಂದೇ ಎಂದು ನೀವು ಬರೆದಿರುವುದನ್ನು ಮಾತ್ರ ಒಪ್ಪಲಾರೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿದ್ದು, ಅವುಗಳಲ್ಲಿ ಮೆಂತಿಯೊಂದೇ ಕ್ರಾಸ್ ಸ್ಟಿಚ್‌ನ ಬಗೆಗೆ ಸೇರುತ್ತದೆ. ಗವಂತಿ ಮತ್ತು ಮುರ್ಗಿಗಳು ಸೀರೆಯ ಎರಡೂ ಬದಿಗಳಲ್ಲಿ ಒಂದೇ ರೀತಿ ಕಾಣುತ್ತವೆ. ನಕ್ಷೆಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಆ ಹೆಣ್ಣುಮಕ್ಕಳ ಕೌಶಲವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ಅನ್ಯಾಯ. ಎಳೆ ಎಣಿಸುವುದು ಎರಡಕ್ಕೂ ಸಮಾನವೆಂದಷ್ಟೇ ಹೇಳಿ, ಉಳಿದದ್ದನ್ನು ಬೇರೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಲೇಖನದೊಂದಿಗೆ ಕಳುಹಿಸಿದ ನವಿಲಿನ ನಕ್ಷೆ ಬೇರೊಬ್ಬ ವಿನ್ಯಾಸಕಾರರದೆಂದು ನೀವೇ ತಿಳಿಸಿದ್ದೀರಿ. ಅವರ ಲಿಖಿತ ಅನುಮತಿಯಿಲ್ಲದೆ ಅದನ್ನು ಅಚ್ಚು ಹಾಕಲಾಗದು. ಗ್ರಾಫ್ ಹಾಳೆಯ ಮೇಲೆ 30 ಮನೆಗಳ ಅಗಲವನ್ನು ಮೀರದ ಒಂದು ಸಣ್ಣ ಹೂವನ್ನು ನೀವೇ ಬರೆದು, ಅದನ್ನು ಮ್ಯಾಟಿ ಬಟ್ಟೆಯ ಮೇಲೆ ಹೊಲಿದು, ಮುಂಬದಿ ಮತ್ತು ಹಿಂಬದಿ ಎರಡರ ಛಾಯಾಚಿತ್ರಗಳನ್ನೂ ತಿದ್ದಿದ ಲೇಖನದ ಜೊತೆಗೆ ಕಳುಹಿಸಿ. ಬಳಸಿದ ದಾರದ ಸಂಖ್ಯೆಗಳನ್ನೂ ಬಟ್ಟೆಯ ಕೌಂಟನ್ನೂ ಚಿತ್ರದ ಕೆಳಗೆ ಬರೆಯಿರಿ.

ಇಂತಿ,
ಸಂಪಾದಕ