ದೊಡ್ಡಣ್ಣ ಇಂಡೊನೇಷ್ಯಾ ಮ್ಯಾನ್ಮಾರ್‌ನಲ್ಲಿ ಮಾಡಿದ್ದೇನು?

ಮಾನ್ಯರೇ,

ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ಕುರಿತ ನಮ್ಮ ಲೇಖನ ಓದಿ ನೀವು ಸಿಟ್ಟಿನಿಂದ ಬರೆದಿದ್ದೀರಿ. ‘ಇಂಡೊನೇಷ್ಯಾವನ್ನು ಆಗ್ನೇಯ ಏಷ್ಯಾದ ದೊಡ್ಡಣ್ಣ ಎಂದಿದ್ದೀರಲ್ಲ, ಮ್ಯಾನ್ಮಾರ್ ಸೇನೆ ತನ್ನ ಜನರ ಮೇಲೆಯೇ ಬಾಂಬ್ ಹಾಕುವಾಗ ಈ ದೊಡ್ಡಣ್ಣ ಮಾಡಿದ್ದೇನು? ಸಭೆ ಕರೆದು ಹೇಳಿಕೆ ಕೊಡುವುದೂ ಒಂದು ನಾಯಕತ್ವವೇ?’ ಎಂದು ಕೇಳಿದ್ದೀರಿ. ಸಿಟ್ಟು ನ್ಯಾಯವಾದದ್ದು. ಆದರೆ ಸಭೆ ಕರೆಯುವ ಕೆಲಸವನ್ನು ನೀವು ತೀರಾ ಹಗುರ ಮಾಡಿದ್ದೀರಿ.

ಅಧ್ಯಕ್ಷ ಸುಕರ್ನೊ ಅವರ ಇಂಡೊನೇಷ್ಯಾ 1963ರಿಂದ 1966ರವರೆಗೆ, ಆಗಷ್ಟೇ ಹುಟ್ಟಿದ ಮಲೇಷ್ಯಾವನ್ನು ಒಪ್ಪದೆ ಅಘೋಷಿತ ಯುದ್ಧ ನಡೆಸಿತ್ತು. 1965ರ ಮಾರ್ಚ್‌ನಲ್ಲಿ ಅದರ ಸೈನಿಕರು ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್ ಕಟ್ಟಡದಲ್ಲಿ ಇಟ್ಟ ಬಾಂಬ್ ಮೂವರ ಪ್ರಾಣ ತೆಗೆಯಿತು. ಅದಾಗಿ ಎರಡೂವರೆ ವರ್ಷ ಕಳೆಯುವುದರೊಳಗೆ, 1967ರ ಆಗಸ್ಟ್ 8ರಂದು, ಇಂಡೊನೇಷ್ಯಾದ ವಿದೇಶಾಂಗ ಸಚಿವ ಆಡಂ ಮಲಿಕ್ ಅದೇ ಮಲೇಷ್ಯಾ, ಸಿಂಗಪುರಗಳ ಜೊತೆ ಬ್ಯಾಂಕಾಕ್‌ನಲ್ಲಿ ಕೂತು ಆಸಿಯಾನ್ ಘೋಷಣೆಗೆ ಸಹಿ ಹಾಕಿದರು. ಎಲ್ಲರಿಗಿಂತ ದೊಡ್ಡ ದೇಶ ತಾನಾಗಿಯೇ ಕೈ ಹಿಂದಕ್ಕೆ ತೆಗೆದುಕೊಂಡಿದ್ದರಿಂದ ಸಣ್ಣವರಿಗೆ ಧೈರ್ಯ ಬಂತು. ಯಾರ ಮನೆಯೊಳಗೂ ತಲೆ ಹಾಕುವುದಿಲ್ಲ ಎಂಬ ನಿಯಮ ಗಟ್ಟಿಯಾದದ್ದು ಹೀಗೆ.

ಆ ನಿಯಮಕ್ಕೆ ಕಪ್ಪು ಮುಖವೂ ಇತ್ತು. 1975ರ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾ ಪೂರ್ವ ತಿಮೋರ್ ಮೇಲೆ ದಂಡೆತ್ತಿ ಹೋದಾಗ ನೆರೆಯವರು ಕಣ್ಣು ಮುಚ್ಚಿಕೊಂಡರು. ಇಂದು ಮ್ಯಾನ್ಮಾರ್ ಜನರಲ್‌ಗಳು ಅಡಗಿ ಕೂತಿರುವುದು ಅದೇ ನಿಯಮದ ಹಿಂದೆ.

ಇನ್ನು ಸಭೆಯ ಮಾತು. ಕಾಂಬೋಡಿಯಾ ಯುದ್ಧದಲ್ಲಿ ಯಾರೂ ಯಾರ ಎದುರೂ ಕೂರಲು ಸಿದ್ಧರಿರಲಿಲ್ಲ. ಇದು ಕಾಂಬೋಡಿಯಾದ ಆಂತರಿಕ ಜಗಳ, ತನಗೆ ಸಂಬಂಧವಿಲ್ಲ ಎಂದು ಸೇನೆ ಕಳಿಸಿದ್ದ ವಿಯೆಟ್ನಾಂ ಹಟ ಹಿಡಿದಿತ್ತು. ಜಕಾರ್ತಾ, ಅಂದರೆ ಇಂಡೊನೇಷ್ಯಾ ಸರ್ಕಾರ, ಒಂದು ಉಪಾಯ ಹೂಡಿತು. 1988ರ ಜುಲೈನಲ್ಲಿ ಇಂಡೊನೇಷ್ಯಾದ ಬೋಗೋರ್‌ನಲ್ಲಿ ಮೊದಲು ಕಾಂಬೋಡಿಯಾದ ನಾಲ್ಕು ಬಣಗಳು ಮಾತ್ರ ಸೇರಿದವು. ಆಮೇಲೆ ವಿಯೆಟ್ನಾಂ, ಲಾವೋಸ್ ಮತ್ತು ಆಸಿಯಾನ್ ದೇಶಗಳು ಒಳಗೆ ಬಂದವು. ಯಾರ ಹಟವೂ ಮುರಿಯಲಿಲ್ಲ, ಆದರೆ ಎಲ್ಲರೂ ಒಂದೇ ಕೋಣೆಯಲ್ಲಿದ್ದರು. ಮೂರು ವರ್ಷಗಳ ನಂತರ, 1991ರ ಅಕ್ಟೋಬರ್‌ನಲ್ಲಿ, ಕಾಂಬೋಡಿಯಾ ಕುರಿತ ಪ್ಯಾರಿಸ್ ಶಾಂತಿ ಒಪ್ಪಂದವಾದ ಸಮ್ಮೇಳನಕ್ಕೆ ಫ್ರಾನ್ಸ್ ಜೊತೆ ಇಂಡೊನೇಷ್ಯಾದ ವಿದೇಶಾಂಗ ಸಚಿವ ಅಲಿ ಅಲತಾಸ್ ಸಹ ಅಧ್ಯಕ್ಷರಾಗಿದ್ದರು. ಒಂದು ಗುಂಡೂ ಹಾರಿಸದೆ ಸಾಧಿಸಿದ್ದು ಇದು. ನಾನು ಇದನ್ನು ನಾಯಕತ್ವವೆಂದೇ ಕರೆಯುತ್ತೇನೆ.

ಹಾಗಿದ್ದರೆ ಮ್ಯಾನ್ಮಾರ್‌ನಲ್ಲಿ ಯಾಕೆ ಆಗಲಿಲ್ಲ? 1988ರ ಹೊತ್ತಿಗೆ ವಿಯೆಟ್ನಾಂಗೆ ಯುದ್ಧ ಸಾಕಾಗಿತ್ತು, ಸೋವಿಯತ್ ಆಸರೆ ಬತ್ತುತ್ತಿತ್ತು. ಮರ್ಯಾದೆಯಿಂದ ಹೊರಬರಲು ಅದಕ್ಕೊಂದು ಬಾಗಿಲು ಬೇಕಿತ್ತು. ಮ್ಯಾನ್ಮಾರ್ ಜನರಲ್‌ಗಳಿಗೆ ಅಂಥ ಬಾಗಿಲು ಬೇಕಿರಲಿಲ್ಲ. 2021ರ ಏಪ್ರಿಲ್ 24ರಂದು ಜಕಾರ್ತಾದಲ್ಲಿ ಅಧಿಕಾರ ಕಿತ್ತುಕೊಂಡಿದ್ದ ಮ್ಯಾನ್ಮಾರ್ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಅವರ ಎದುರಿನಲ್ಲೇ ಆಸಿಯಾನ್ ನಾಯಕರಲ್ಲಿ ಐದು ಅಂಶಗಳ ಒಮ್ಮತ ಮೂಡಿತು: ಹಿಂಸೆ ನಿಲ್ಲಬೇಕು, ಮಾತುಕತೆ ನಡೆಯಬೇಕು, ವಿಶೇಷ ದೂತರು ಹೋಗಬೇಕು, ಇತ್ಯಾದಿ. ಎರಡೇ ದಿನದಲ್ಲಿ, ಪರಿಸ್ಥಿತಿ ಸುಧಾರಿಸಿದ ಮೇಲೆ ಇವನ್ನು ಪರಿಶೀಲಿಸುತ್ತೇವೆ ಎಂದು ಸೇನಾಡಳಿತ ಕೈ ತೊಳೆದುಕೊಂಡಿತು. ಗಡುವಿಲ್ಲದ, ತಪ್ಪಿದರೆ ದಂಡವಿಲ್ಲದ ಒಪ್ಪಂದಕ್ಕೆ ಅವರೇಕೆ ಅಂಜಬೇಕು? ನನ್ನ ಪ್ರಕಾರ ಜಕಾರ್ತಾ ಎಡವಿದ್ದು ಅಲ್ಲೇ.

ಆದರೆ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟುವುದು ಅನ್ಯಾಯ. ಆಸಿಯಾನ್‌ಗೆ ತನ್ನದೇ ಶಾಂತಿಪಾಲನಾ ಪಡೆ ಬೇಕೆಂದು 2004ರಲ್ಲೇ ಕೇಳಿದ್ದು ಇಂಡೊನೇಷ್ಯಾ. ಒಲ್ಲೆ ಎಂದವರು ಉಳಿದವರು. 2023ರಲ್ಲಿ ಆಸಿಯಾನ್ ಅಧ್ಯಕ್ಷ ಸ್ಥಾನದಲ್ಲಿದ್ದಾಗ ಇಂಡೊನೇಷ್ಯಾದ ವಿದೇಶಾಂಗ ಸಚಿವೆ ರೆತ್ನೊ ಮರ್ಸುದಿ ಅವರ ತಂಡ ಮ್ಯಾನ್ಮಾರ್ ಸೇನೆ, ಅದರ ವಿರೋಧಿಗಳು ಕಟ್ಟಿದ ಪರ್ಯಾಯ ಸರ್ಕಾರ, ಜನಾಂಗೀಯ ಗುಂಪುಗಳ ಜೊತೆ ಸದ್ದಿಲ್ಲದೆ ನೂರಕ್ಕೂ ಹೆಚ್ಚು ಬಾರಿ ಮಾತಾಡಿತು. ಅದೇ ಜೂನ್‌ನಲ್ಲಿ ಥಾಯ್ಲೆಂಡ್, ಮ್ಯಾನ್ಮಾರ್ ಸೇನಾಡಳಿತದ ವಿದೇಶಾಂಗ ಸಚಿವರನ್ನು ತನ್ನ ಪಟ್ಟಾಯಾಗೆ ಕರೆಸಿ ಬೇರೆಯೇ ಮಾತುಕತೆ ನಡೆಸಿತು. ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರು ಕಿಟಕಿ ತೆರೆಯುತ್ತಿದ್ದರೆ ಯಾವ ಒತ್ತಡ ತಾನೇ ನಾಟೀತು?

ನನ್ನ ಆತಂಕ ಇರುವುದು ಈಗಿನ ಇಂಡೊನೇಷ್ಯಾದ ಬಗ್ಗೆ. ಪ್ರಬೊವೊ ಸುಬಿಯಾಂತೊ ಅಧ್ಯಕ್ಷರಾದ ಮೇಲೆ ಅದರ ಕಣ್ಣು ದೂರದ ದೊಡ್ಡ ವೇದಿಕೆಗಳ ಮೇಲಿದೆ. 2025ರ ಜನವರಿಯಲ್ಲಿ ಬ್ರಿಕ್ಸ್ ಸೇರಿತು. ಅದೇ ಜುಲೈನಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ಗಡಿಯಲ್ಲಿ ಗುಂಡಿನ ಕಾಳಗ ನಡೆದಾಗ ಇಬ್ಬರನ್ನೂ ಮಲೇಷ್ಯಾದ ಪುತ್ರಜಯಕ್ಕೆ ಕರೆಸಿ ಕೂರಿಸಿದವರು ಆ ವರ್ಷ ಆಸಿಯಾನ್ ಅಧ್ಯಕ್ಷ ಸ್ಥಾನದಲ್ಲಿದ್ದ ಮಲೇಷ್ಯಾದ ಪ್ರಧಾನಿ ಅನ್ವರ್ ಇಬ್ರಾಹಿಂ. ಅಧ್ಯಕ್ಷತೆಯ ಸರದಿ ಅವರದೇ, ಸರಿ. ಆದರೆ 2012ರಲ್ಲಿ ಕಾಂಬೋಡಿಯಾ ಅಧ್ಯಕ್ಷ ಸ್ಥಾನದಲ್ಲಿದ್ದಾಗ, ದಕ್ಷಿಣ ಚೀನಾ ಸಮುದ್ರದ ವಿವಾದಕ್ಕೆ ಆಸಿಯಾನ್ ಸಚಿವರು ಜಂಟಿ ಹೇಳಿಕೆಯೇ ಇಲ್ಲದೆ ಎದ್ದುಹೋದರಲ್ಲ, ಆಗ ಇಂಡೊನೇಷ್ಯಾದ ವಿದೇಶಾಂಗ ಸಚಿವ ಮಾರ್ತಿ ನತಲೆಗಾವಾ ಸರದಿ ನೋಡಲಿಲ್ಲ. ರಾಜಧಾನಿಯಿಂದ ರಾಜಧಾನಿಗೆ ಓಡಾಡಿ ವಾರದೊಳಗೆ ಎಲ್ಲರನ್ನೂ ಆ ವಿವಾದ ಕುರಿತ ಆರು ತತ್ತ್ವಗಳಿಗೆ ಒಪ್ಪಿಸಿದರು. ಜಕಾರ್ತಾದಲ್ಲಿ ಅಂಥ ಧಾವಂತ ನನಗೆ ಈಗ ಕಾಣುತ್ತಿಲ್ಲ. ನಿಮ್ಮ ಸಿಟ್ಟು ಅತ್ತ ತಿರುಗಿದರೆ ನಾನೂ ನಿಮ್ಮ ಜೊತೆಗಿದ್ದೇನೆ.

– ಸಂಪಾದಕ