ಕ್ರಿಯಾವಿಶೇಷಣಕ್ಕೆ ‘ಎಲ್‌ವೈ’ ಒಂದೇ ಗುರುತಲ್ಲ

ಪ್ರಶ್ನೆ: ಪದದ ಕೊನೆಯಲ್ಲಿ ‘ಎಲ್‌ವೈ’ ಇದ್ದರೆ ಅದು ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣವೆಂದು ಕಲಿತಿದ್ದೇನೆ. ಆದರೆ ಪರೀಕ್ಷೆಯಲ್ಲಿ ‘ಫ್ರೆಂಡ್ಲಿ’ ಎಂದು ಬರೆದದ್ದಕ್ಕೆ ಅಂಕ ಸಿಗಲಿಲ್ಲ, ‘ಫಾಸ್ಟ್’ ಸರಿಯುತ್ತರವಾಗಿತ್ತು. ಹಾಗಾದರೆ ಗುರುತಿಸುವುದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನೀವು ಕಲಿತ ಸೂತ್ರ ಅರ್ಧ ಸರಿ. ಪದದ ಕೊನೆಯನ್ನು ನೋಡುವ ಮೊದಲು ಅದು ವಾಕ್ಯದಲ್ಲಿ ಯಾವುದನ್ನು ವಿಶೇಷಿಸುತ್ತಿದೆ ಎಂಬುದನ್ನು ನೋಡಬೇಕು. ನಾಮಪದವನ್ನು ವಿಶೇಷಿಸಿದರೆ ಅದು ನಾಮವಿಶೇಷಣ; ಕ್ರಿಯಾಪದವನ್ನೋ, ನಾಮವಿಶೇಷಣವನ್ನೋ, ಮತ್ತೊಂದು ಕ್ರಿಯಾವಿಶೇಷಣವನ್ನೋ, ಕೆಲವೊಮ್ಮೆ ಇಡೀ ವಾಕ್ಯವನ್ನೋ ವಿಶೇಷಿಸಿದರೆ ಕ್ರಿಯಾವಿಶೇಷಣ. ‘ಫಾಸ್ಟ್ ಟ್ರೇನ್’ ಎಂಬಲ್ಲಿ ನಾಮವಿಶೇಷಣವಾಗಿರುವ ‘ಫಾಸ್ಟ್’ ಪದವೇ ‘ಷಿ ರನ್ಸ್ ಫಾಸ್ಟ್’ ಎಂಬಲ್ಲಿ ಓಟದ ರೀತಿಯನ್ನು ಹೇಳುವುದರಿಂದ ಕ್ರಿಯಾವಿಶೇಷಣವಾಗುತ್ತದೆ.

ಈ ಗೊಂದಲದ ಬೇರು ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿದೆ. ಆಗ ‘ಲಿಚ್’ ಎಂಬ ಪ್ರತ್ಯಯ ನಾಮವಿಶೇಷಣಗಳನ್ನೂ, ಅದಕ್ಕೆ ‘ಎ’ಕಾರ ಸೇರಿದ ‘ಲೀಚೆ’ ಕ್ರಿಯಾವಿಶೇಷಣಗಳನ್ನೂ ಕೊಡುತ್ತಿದ್ದವು. ಕಾಲಕ್ರಮದಲ್ಲಿ ಎರಡೂ ಸವೆದು ಒಂದೇ ‘ಲಿ’ ಆಗಿ ಉಳಿದವು. ‘ಫಾಸ್ಟ್’, ‘ಹಾರ್ಡ್’ ಪದಗಳ ಕ್ರಿಯಾವಿಶೇಷಣ ರೂಪದಲ್ಲಿಯೂ ಇದೇ ‘ಎ’ಕಾರವಿದ್ದು, ಅದು ಬಿದ್ದುಹೋದ ಮೇಲೆ ಎರಡು ರೂಪಗಳಿಗೂ ಭೇದವಿಲ್ಲದಾಯಿತು. ಆದ್ದರಿಂದ ಇಂದು ‘ಫ್ರೆಂಡ್’, ‘ಲವ್’, ‘ಕವರ್ಡ್’ ಮುಂತಾದ ನಾಮಪದಗಳಿಗೆ ‘ಲಿ’ ಸೇರಿದರೆ ಸಾಮಾನ್ಯವಾಗಿ ನಾಮವಿಶೇಷಣವೂ, ‘ಸ್ಲೋ’, ‘ಕ್ವಿಕ್’ ಮುಂತಾದ ನಾಮವಿಶೇಷಣಗಳಿಗೆ ಸೇರಿದರೆ ಕ್ರಿಯಾವಿಶೇಷಣವೂ ಆಗುತ್ತವೆ. ಸ್ನೇಹದಿಂದ ಮಾತನಾಡಿದನೆನ್ನಲು ‘ಇನ್ ಎ ಫ್ರೆಂಡ್ಲಿ ವೇ’ ಎಂದು ಸುತ್ತಿ ಹೇಳುವುದೇ ವಾಡಿಕೆ.

‘ಹಾರ್ಡ್ಲಿ’ ಎಂಬುದರಲ್ಲಿ ಎಚ್ಚರ ಬೇಕು. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಕಷ್ಟಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸ ಮಾಡುವುದೇ ಅಪರೂಪ. ಉದ್ಯೋಗದ ಅರ್ಜಿಯಲ್ಲಿ ಇವು ಅದಲುಬದಲಾದರೆ ಗತಿಯೇನು! ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ.

ಕನ್ನಡಿಗರನ್ನು ಹೆಚ್ಚು ದಾರಿತಪ್ಪಿಸುವುದು ನಮ್ಮದೇ ‘ಆಗಿ’ ಎಂದು ನನಗನ್ನಿಸುತ್ತದೆ. ‘ಸಂತೋಷವಾಗಿ ಹಾಡಿದಳು’ ಎಂಬಲ್ಲಿ ‘ಹ್ಯಾಪಿಲಿ’ ಸರಿ, ಏಕೆಂದರೆ ಅದು ಹಾಡಿದ ರೀತಿ. ಆದರೆ ‘ಸಂತೋಷವಾಗಿದ್ದಾಳೆ’ ಎಂಬಲ್ಲಿ ‘ಆಗಿ’ ಇದ್ದರೂ ಇಂಗ್ಲಿಷಿನಲ್ಲಿ ‘ಷಿ ಈಸ್ ಹ್ಯಾಪಿ’ ಎಂದೇ ಹೇಳಬೇಕು. ಅದು ಅವಳ ಸ್ಥಿತಿಯೇ ಹೊರತು ಕ್ರಿಯೆಯ ರೀತಿಯಲ್ಲ. ‘ಲುಕ್’, ‘ಫೀಲ್’, ‘ಟೇಸ್ಟ್’, ‘ಸ್ಮೆಲ್’ ಕ್ರಿಯಾಪದಗಳು ಹೀಗೆ ಕರ್ತೃವಿನ ಗುಣವನ್ನು ಹೇಳುವಾಗಲೂ ಇದೇ ನಿಯಮ. ಹಾಗಾಗಿ ಸೂಪು ‘ಟೇಸ್ಟ್ಸ್ ಗುಡ್’, ‘ವೆಲ್’ ಅಲ್ಲ.

ಕಾಗುಣಿತದ ನಿಯಮಗಳು ಕೆಲವೇ. ‘ಹ್ಯಾಪಿ’ಯ ‘ವೈ’ ಅಕ್ಷರ ‘ಐ’ ಆಗುತ್ತದೆ. ‘ಜೆಂಟಲ್’ ಪದದ ‘ಎಲ್‌ಇ’ ಹೋಗಿ ‘ಎಲ್‌ವೈ’ ಬರುತ್ತದೆ. ‘ಟ್ರೂ’ ತನ್ನ ‘ಇ’ ಕಳೆದುಕೊಳ್ಳುತ್ತದೆ. ‘ಬೇಸಿಕ್’ನಂತಹ ಪದಗಳಿಗೆ ‘ಎ-ಎಲ್-ಎಲ್-ವೈ’ ಸೇರುತ್ತದೆ, ಆದರೆ ‘ಪಬ್ಲಿಕ್’ಗೆ ಬರಿಯ ‘ಎಲ್‌ವೈ’ ಸಾಕು. ‘ಗುಡ್’ ಎಂಬುದರ ಕ್ರಿಯಾವಿಶೇಷಣ ‘ವೆಲ್’ ಯಾವ ನಿಯಮಕ್ಕೂ ಸೇರದ ಕಾರಣ ಅದನ್ನು ಕಂಠಪಾಠ ಮಾಡಿಕೊಳ್ಳಿ.