ಸಂಪಾದಕರ ಉತ್ತರ: ಸಹಿಗೆ ಮೊದಲು ಖರ್ಚಿನ ಹಾಳೆ ಕೇಳಿ

ಕುಮಟಾ ತಾಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಅಘನಾಶಿನಿ ದಡದಲ್ಲಿ ನಮ್ಮದು ಬಳಚು (ಕಪ್ಪೆಚಿಪ್ಪು) ತೆಗೆಯುವ ಹೆಂಗಸರ ಸಣ್ಣ ಸಂಘ. ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಸಮಾಜಕಾರ್ಯ ವಿಭಾಗದವರು ವಿಶ್ವವಿದ್ಯಾಲಯದ ಸಣ್ಣ ಅನುದಾನ ತಂದು ನಮ್ಮ ಜೊತೆ ಸಹಭಾಗಿತ್ವ ಅಂತ ಮಾಡಿದರು. ಪ್ರಶ್ನೆ ಕೇಳಿದರು, ಫೋಟೊ ತೆಗೆದರು, ಹೋದರು. ಈಗ ಇನ್ನೊಂದು ಕಾಲೇಜಿನವರು ಒಪ್ಪಂದ ಪತ್ರ ಹಿಡಿದು ಬಂದಿದ್ದಾರೆ. ಸಹಿ ಹಾಕಬೇಕೋ ಬೇಡವೋ? ಈ ಪುಡಿಗಾಸಿನಿಂದ ಯಾರಿಗೆ ಏನು ಲಾಭ?"

ಅಕ್ಕಾ, ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಸಹಿ ಹಾಕಿ ಅಂತಲೇ ನನ್ನ ಸಲಹೆ. ಆದರೆ ಅದಕ್ಕೆ ಮೊದಲು ಆ ದುಡ್ಡಿನ ಖರ್ಚಿನ ಹಾಳೆ ಕೇಳಿ. ಒಪ್ಪಂದ ಪತ್ರ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ನಿಜ ಇರುವುದು ಖರ್ಚಿನ ಹಾಳೆಯಲ್ಲಿ.

ಪುಡಿಗಾಸು ಅಂದಿದ್ದು ಸುಳ್ಳಲ್ಲ. ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನವನ್ನೇ ನೋಡಿ. ಒಂದು ಕಾಲೇಜು 5 ಹಳ್ಳಿಗಳನ್ನು ಆರಿಸಿಕೊಳ್ಳುತ್ತದೆ. ಮೊದಲ ಸಮೀಕ್ಷೆಗೆ, ಓಡಾಟಕ್ಕೆ ಅಂತ ಸಿಗುವುದು 50,000 ರೂಪಾಯಿ. ಹಳ್ಳಿಗೆ 10,000 ಆಯಿತು. ನಮ್ಮ ಕಡೆ ಮದುವೆಯ ಶಾಮಿಯಾನಕ್ಕೂ ಅದು ಸಾಲದು. ಆದರೂ ಮೊತ್ತ ಸಣ್ಣದು ಅನ್ನುವುದೇ ತೊಂದರೆ ಅಂತ ನನಗೆ ಅನಿಸಿಲ್ಲ. ಸಣ್ಣ ದುಡ್ಡು ವ್ಯರ್ಥವಾದದ್ದನ್ನೂ, ಅದಕ್ಕಿಂತ ಸಣ್ಣ ದುಡ್ಡಿನಲ್ಲಿ ಕೆಲಸ ಆದದ್ದನ್ನೂ ಹತ್ತಿರದಿಂದ ನೋಡಿದ್ದೇನೆ.

ಶಿರಸಿಯಲ್ಲಿ ನಾನೂ ಒಂದು ಸಂಘದ ಕಾರ್ಯದರ್ಶಿಯಾಗಿದ್ದೆ. ಕಾಲೇಜೊಂದರ ಮೂಲಕ ಹೀಗೇ ಒಂದು ಸಣ್ಣ ಅನುದಾನ ಬಂತು. ಬಂದದ್ದು ಫೆಬ್ರವರಿ ಕೊನೆಗೆ. ಮಾರ್ಚ್ 31ರ ಒಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಒಂದೇ ತಿಂಗಳಲ್ಲಿ ಏನು ಮಾಡುವುದು? ಫ್ಲೆಕ್ಸ್ ಆಯಿತು, ಉದ್ಘಾಟನೆ ಆಯಿತು, ಐದು ಜನರಿಗೆ ಶಾಲು ಆಯಿತು, ನೂರು ಜನರಿಗೆ ಉಪ್ಪಿಟ್ಟು–ಕೇಸರಿಬಾತು ಆಯಿತು. ಲೆಕ್ಕ ಪೈಸೆಗೆ ಪೈಸೆ ಸರಿಯಾಗಿತ್ತು. ಆ ಶಾಲುಗಳಲ್ಲಿ ಒಂದು ನನ್ನ ಹೆಗಲಿಗೂ ಬಿದ್ದಿತ್ತು, ಸುಮ್ನೆ ಯಾಕೆ ಮುಚ್ಚಿಡಲಿ.

ಅದೇ ವರ್ಷ ಅದೇ ಕಾಲೇಜಿನಿಂದ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗಿಯೊಬ್ಬಳು ಕ್ಷೇತ್ರಕಾರ್ಯಕ್ಕೆ ಬರುತ್ತಿದ್ದಳು. ವಾರಕ್ಕೆ ಎರಡು ದಿನ. ನಮ್ಮ ಕೇರಿಯಲ್ಲಿ ಒಬ್ಬ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಆಗಿರಲಿಲ್ಲ. ಕಾರಣ ನೋಡಿದರೆ, ರೇಷನ್ ಕಾರ್ಡಿನಲ್ಲಿ ನಾಗಿ, ಆಧಾರಿನಲ್ಲಿ ನಾಗಮ್ಮ. ಅಷ್ಟೇ. ಹುಡುಗಿ ಮೂರು ಬುಧವಾರ ಅಜ್ಜಿಯನ್ನು ಕರೆದುಕೊಂಡು ನಾಡಕಚೇರಿಗೆ ಹೋದಳು. ಮೊದಲ ಸಲ ಸರ್ವರ್ ಇರಲಿಲ್ಲ, ಎರಡನೇ ಸಲ ಸಾಹೇಬರು ಇರಲಿಲ್ಲ, ಮೂರನೇ ಸಲ ಕೆಲಸ ಆಯಿತು. ಖರ್ಚು ಬಸ್ ಚಾರ್ಜು ಮತ್ತು ಚಹಾ. ಅದನ್ನು ಅವಳು ತನ್ನ ಕೈಯಿಂದಲೇ ಹಾಕಿದ್ದಳು. ಅನುದಾನದಲ್ಲಿ ಶಾಲಿಗೆ ಜಾಗ ಇತ್ತು, ಈ ಬಸ್ ಚಾರ್ಜಿಗೆ ಇರಲಿಲ್ಲ!

ಇನ್ನು ನಿಮ್ಮ ಊರಿನ ಮಾತು. ಪತ್ರದ ಕೊನೆಯಲ್ಲಿ ನೀವು ಹೀಗೇ ಹೋಗುತ್ತಾ ಬರೆದ ಒಂದು ಸಾಲು ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು: "ಅವರು ಶುಕ್ರವಾರ ಹನ್ನೊಂದು ಗಂಟೆಗೆ ಬರುತ್ತಿದ್ದರು, ನಾವು ನದಿಯಲ್ಲಿರುತ್ತಿದ್ದೆವು." ಬಳಚು ತೆಗೆಯುವುದು ನೀರು ಇಳಿದಾಗ. ಆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಶುಕ್ರವಾರ ಹನ್ನೊಂದಕ್ಕೆ ಇಳಿತ ಇದ್ದರೆ ಮುಂದಿನ ಶುಕ್ರವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಭರತಿ. ಇದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ಕಾಲೇಜಿನ ಟೈಮ್‌ಟೇಬಲ್ಲಿಗೆ ಗೊತ್ತಿಲ್ಲ. ಸೊಂಟಮಟ್ಟ ನೀರಿನಲ್ಲಿ ನಿಂತವಳನ್ನು ದಡಕ್ಕೆ ಕರೆದು ನಲವತ್ತು ಪ್ರಶ್ನೆ ಕೇಳಿದರೆ ಅವಳ ಆ ದಿನದ ಬುಟ್ಟಿ ಅರ್ಧ ಖಾಲಿ. ಆ ಅರ್ಧ ಬುಟ್ಟಿಯ ದುಡ್ಡು ಯಾರ ಲೆಕ್ಕಕ್ಕೆ? ಖರ್ಚಿನ ಹಾಳೆಯಲ್ಲಿ ನೀವು ಹುಡುಕಬೇಕಾದದ್ದು ಇದನ್ನೇ.

ಆದ್ದರಿಂದ ಮೇಷ್ಟ್ರು ಬಂದಾಗ ಹೀಗೆ ಕೇಳಿ ನೋಡಿ. ಸಂಘದವರು ಮೀಟಿಂಗಿಗೆ ಕೂತ ಹೊತ್ತಿಗೆ ಕೂಲಿ ಎಷ್ಟು ಇಟ್ಟಿದ್ದೀರಿ? ಸಂಘದ ಪಾಲಿನ ದುಡ್ಡು ಸಂಘದ ಬ್ಯಾಂಕ್ ಖಾತೆಗೆ ಬರುತ್ತದೋ, ಕಾಲೇಜಿನಲ್ಲೇ ಉಳಿದು ಬಿಲ್ಲು ಕೊಟ್ಟ ಮೇಲೆ ಸಿಗುತ್ತದೋ? ಬಿಲ್ಲಿನ ದಾರಿಯಾದರೆ ಕಷ್ಟ. ಮೊದಲು ಕೈಯಿಂದ ಹಾಕಲು ನಿಮ್ಮ ಹತ್ತಿರ ಎಲ್ಲಿದೆ? ಒಬ್ಬನೇ ವಿದ್ಯಾರ್ಥಿ ಎರಡು ಸೆಮಿಸ್ಟರ್ ಬರಬಹುದೋ, ಪ್ರತಿ ಸಲ ಹೊಸಬರಿಗೆ ನೀವು ಮೊದಲಿಂದ ಬಳಚು ಅಂದರೇನು ಅಂತ ಹೇಳಬೇಕೋ? ವರದಿ ಕನ್ನಡದಲ್ಲಿ ಸಿಗುತ್ತದೋ? ಇಷ್ಟು ಕೇಳಿದರೆ ಒಳ್ಳೆಯ ಮೇಷ್ಟ್ರಿಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ನಿಮಗೆ ಅರ್ಧ ಉತ್ತರ ಸಿಕ್ಕಿತು.

ಕೇಳಲು ಸಂಕೋಚ ಬೇಡ. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಅದೇ ಈಗಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಅದರ ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್ಶರ್ಟ್. ಅದಕ್ಕೆ ಮೊದಲು ಅವರು ನಾಗಪಾಡಾದ ಕಾರ್ಮಿಕರ ಕೇರಿಯಲ್ಲಿ ನೆರೆಹೊರೆಯ ಕೇಂದ್ರವೊಂದನ್ನು ನಡೆಸುತ್ತಿದ್ದರು. (ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು.) ಅಂದರೆ ಕೇರಿಯ ಕೆಲಸ ಮೊದಲು, ಕಾಲೇಜು ಆಮೇಲೆ. ಈಗಲೂ ನಿಮ್ಮಂಥ ಸಂಘ ಬಾಗಿಲು ತೆರೆಯದಿದ್ದರೆ ಆ ಮಕ್ಕಳ ಕ್ಷೇತ್ರಕಾರ್ಯದ ಅಂಕ ಎಲ್ಲಿಂದ ಬರಬೇಕು, ಅಲ್ವಾ?

ಒಂದು ಮಾತು ಮೇಷ್ಟ್ರ ಪರವಾಗಿಯೂ ಹೇಳುತ್ತೇನೆ. ದುಡ್ಡು ಫೆಬ್ರವರಿಗೆ ಬರುವುದು ಅವರ ತಪ್ಪಲ್ಲ. ಅವರ ಮೇಲೂ ಕಚೇರಿಗಳಿವೆ, ಫೈಲುಗಳಿವೆ. ಎಷ್ಟೋ ಜನ ತಮ್ಮದೇ ಬೈಕಿಗೆ ಪೆಟ್ರೋಲ್ ಹಾಕಿಕೊಂಡು ತಿರುಗುತ್ತಾರೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಬಂತಲ್ಲ. ಪ್ರಶ್ನಾವಳಿ ಹಿಡಿದವರು ಇನ್ನೂ ಬರುತ್ತಾರೆ. ಅದಕ್ಕೇ ಈಗಲೇ ಒಂದು ಹಾಳೆಯಲ್ಲಿ ಮುಂದಿನ ತಿಂಗಳ ಇಳಿತದ ಹೊತ್ತು ಬರೆದು ಒಪ್ಪಂದ ಪತ್ರಕ್ಕೆ ಪಿನ್ ಹೊಡೆಯಿರಿ. ನಾವು ಸಿಗುವುದು ಈ ಹೊತ್ತು ಬಿಟ್ಟು ಅಂತ ಕೆಳಗೆ ಬರೆದು ಅದಕ್ಕೂ ಅವರ ಸಹಿ ತೆಗೆದುಕೊಳ್ಳಿ. ವರದಿಯ ಕನ್ನಡ ಪ್ರತಿ ಸಿಕ್ಕಿದರೆ ನಮಗೊಂದು ಕಳಿಸಿ, ಎರಡು ಪುಟ ಇಟ್ಟಿರುತ್ತೇನೆ. ಸಿಗದಿದ್ದರೂ ಬರೆಯಿರಿ.

– ಸಂ.